ಮಚ್ಚೆ ಇದ್ದದ್ದೆಲ್ಲ ಕೊಳಕುಮಂಡಲ ಅಲ್ಲ

ಈ ವಾರ ನನ್ನ ಬರಹದಿಂದಾಗಿ ಒಂದು ಜೀವ ಹೋಗೋದ್ರಲ್ಲಿತ್ತು. ತಮಾಷೆ ಅಲ್ಲ, ನಿಜವಾಗ್ಲೂ.

ಹೋದ ವಾರ ಪೇಪರಿನ ಇದೇ ಅಂಕಣದಲ್ಲಿ ಕೊಳಕುಮಂಡಲ ಅನ್ನೋ ವಿಷದ ಹಾವಿನ ಬಗ್ಗೆ ಬರೆದಿದ್ದೆ. 'ದಪ್ಪ ಮೈ, ಮೈತುಂಬ ಕಂದು ಮಚ್ಚೆ' ಅಂತ ಒಂದೇ ಸಾಲಲ್ಲಿ ಗುರುತು ಹೇಳಿ ಮುಗಿಸಿದ್ದೆ. (ಕಾಲೇಜಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿದವನ ಬುದ್ಧಿ ಅವತ್ತು ಎಲ್ಲಿ ಮೇಯೋಕೆ ಹೋಗಿತ್ತೋ.)

ಸೋಮವಾರ ಬೆಳಗ್ಗೆ ಯಲ್ಲದಕೆರೆಯಿಂದ ಫೋನು. ನನ್ನ ಹಳೇ ಸ್ಟೂಡೆಂಟ್ ತಿಪ್ಪಮ್ಮ. "ಸಾರ್, ನೀವು ಬರ್ದಿದ್ದ ಹಾವು ನಮ್ಮ ಶೇಂಗಾ ಹೊಟ್ಟಿನ ಬಣವೆ ಹತ್ರ ಐತೆ. ನಮ್ಮನೆಯೋರು ಕೋಲು ಹಿಡ್ಕಂಡು ನಿಂತಾರೆ."

"ತಡಿಯಮ್ಮ. ದೂರ ನಿಂತು ಒಂದು ಫೋಟೋ ಕಳ್ಸು."

ಫೋಟೋ ಬಂತು. ಮೈ ದಪ್ಪ. ಮಚ್ಚೆಯೂ ಇದೆ. ತಲೆ ಹೊಟ್ಟಿನೊಳಗೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಆದ್ರೆ ಕೊಳಕುಮಂಡಲದ ಮಚ್ಚೆ ಸರಪಳಿ ಥರ ಸಾಲಾಗಿರುತ್ತೆ. ಇದು ಸಾರು ಚೆಲ್ಲಿದ ಹಾಗೆ ಅಡ್ಡಾದಿಡ್ಡಿ.

"ಬಾಲ ಹೆಂಗೈತೆ ಹೇಳು."

"ಬಾಲ ಎಲ್ಲೈತೆ ಸಾರ್? ಯಾರೋ ಕತ್ತರಿಸಿದಂಗೆ ಮೊಂಡಾಗೈತೆ."

ಅಬ್ಬ, ಮಣ್ಣುಮುಕ್ಕ! ಎರಡು ತಲೆ ಹಾವಿನ ದಾಯಾದಿ. (ಅದರದ್ದು ನುಣುಪು ಮೈ, ಮೊಂಡು ಬಾಲ ಇನ್ನೊಂದು ತಲೆ ಥರ ಕಾಣುತ್ತೆ. ಇದರದ್ದು ಒರಟು ಮೈ, ಮಚ್ಚೆ ಬೇರೆ.) ಎರಡಕ್ಕೂ ವಿಷ ಇಲ್ಲ. ಇಲಿ ತಿಂದ್ಕೊಂಡು ತಣ್ಣಗಿರೋ ಪ್ರಾಣಿಗಳು.

"ಅದು ಪಾಪದ್ದು ಕಣಮ್ಮ. ಮುಟ್ಟಬೇಡಿ, ದಾರಿ ಬಿಡ್ರಿ ಸಾಕು."

ಫೋನು ಗಂಡ ಓಬಳೇಶನ ಕೈಗೆ ಹೋಯ್ತು. "ಪೇಪರ್‌ನಾಗೆ ಬಂದೈತಲ್ರೀ ಸಾರ್."

"ಅದನ್ನ ಬರ್ದೋನು ನಾನೇ ಕಣಪ್ಪ."

"ಇರ್ಬೋದು. ಅದು ಪ್ರಿಂಟಾಗೈತೆ. ಇದು ಬರೀ ಬಾಯಿಮಾತು."

ಏನು ಹೇಳ್ತೀರಿ ಇದಕ್ಕೆ? ನನ್ನ ಮಾತಿಗೆ ನನ್ನ ಅಂಕಣವೇ ಅಡ್ಡ ನಿಂತಿತ್ತು. ಕೊನೆಗೆ ಒಂದು ಹಾಳೆ ಹರಿದು 'ಇದು ಮಣ್ಣುಮುಕ್ಕ, ವಿಷವಿಲ್ಲ, ಹೋದ ವಾರ ಬರೆದದ್ದು ಅರ್ಧಂಬರ್ಧ' ಅಂತ ಬರೆದೆ. ಕೆಳಗೆ ಸಹಿ ಹಾಕಿ ವಾಟ್ಸಾಪ್ ಮಾಡಿದೆ.

ಕಾದೆ. ಫೋನು ಸುಮ್ಮನಿತ್ತು. ಸಹಿ ತಲುಪೋ ಮೊದಲೇ ಏಟು ಬಿತ್ತಾ? ಕಾಫಿ ಆರಿಹೋಯ್ತು.

ಆಮೇಲೆ ತಿಪ್ಪಮ್ಮನ ವಿಡಿಯೋ ಬಂತು. ಹಾವು ಹೊಲದ ಬದುವಿನ ಕಡೆ ಆರಾಮಾಗಿ ಹೊರಟಿತ್ತು, ಹಿಂದಿಂದ ಓಬಳೇಶ "ಹೋಗಪ್ಪ, ಹೋಗು" ಅಂತಿದ್ದ. ನಾನು ಕುಂತಲ್ಲೇ ಕುಣಿದೆ. ಹೆಂಡತಿ ಅಡುಗೆಮನೆಯಿಂದ ಇಣುಕಿ, "ಏನಾಯ್ತ್ರೀ ನಿಮಗೆ?" ಅಂದಳು. ಬಹಳ ಖುಷಿ ಆಗಿತ್ತು, ಅಷ್ಟೇ.

ಸಂಜೆ ಓಬಳೇಶನೇ ಫೋನ್ ಮಾಡಿದ. "ಸಾರ್, ಊರಾಗೆ ಇನ್ನೂ ಎಂಟು ಮನೆಗೆ ಅದೇ ಪೇಪರ್ ಬರ್ತೈತೆ. ಅವ್ರಿಗೆಲ್ಲ ಯಾವಾಗ ಸಹಿ ಹಾಕ್ಕೊಡ್ತೀರಿ?"