ನೀರು ಕುಡಿಯದ ಕೆಲಸ

ಚನ್ನಗಿರಿ, ಜಗಳೂರು, ಹೊನ್ನಾಳಿ, ನ್ಯಾಮತಿ. ನನ್ನ ಗ್ರಂಥಾಲಯದ ನೌಕರಿ ಈ ನಾಲ್ಕು ತಾಲ್ಲೂಕುಗಳ ನಡುವೆಯೇ ಸವೆದಿದೆ. ಈಗ ಹೇಳಹೊರಟಿರುವುದು ಯಾವ ಊರಿನ ಶಾಖೆಯಲ್ಲಿ ನಡೆದದ್ದು ಎಂದು ಬರೆಯುವುದಿಲ್ಲ. ಅಲ್ಲಿ ಇನ್ನೂ ನಮ್ಮವರು ಕೆಲಸ ಮಾಡುತ್ತಿದ್ದಾರೆ. ಅಲ್ಲದೆ ಬೇರೆ ಕಡೆಗಳಲ್ಲೂ ಇದಕ್ಕಿಂತ ಸುಖವೇನೂ ಇರಲಿಲ್ಲ. ನಾನು ಮೊದಲು ಸೇರಿದ ಶಾಖೆಯಲ್ಲಿ ಶೌಚಾಲಯವೇನೋ ಇತ್ತು. ಅದರೊಳಗೆ ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ಸೂರು ಮುಟ್ಟುವಂತೆ ಒಟ್ಟಿ, ಬಾಗಿಲಿಗೆ ತಂತಿ ಬಿಗಿದಿದ್ದರು.

ಈ ಶಾಖೆಯಲ್ಲಿ ಅದೂ ಇರಲಿಲ್ಲ. ಬಾಡಿಗೆ ಕಟ್ಟಡದ ಮೊದಲ ಮಹಡಿ. ಕೆಳಗೆ ಗೊಬ್ಬರ, ಬೀಜ, ಔಷಧಿ ಮಾರುವ ಅಂಗಡಿ. ಅದರ ಘಾಟು ಮೆಟ್ಟಿಲು ಹತ್ತಿ ಬಂದು ಪುಸ್ತಕದ ಧೂಳಿನ ಜೊತೆ ಸೇರಿಕೊಳ್ಳುತ್ತಿತ್ತು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿ, ಮೂಗಿನಿಂದ ಕಪ್ಪು ಸಿಂಬಳ ಬರುತ್ತಿತ್ತು. ಅದಕ್ಕೆಲ್ಲ ಹೇಗೋ ಒಗ್ಗಿಕೊಂಡಿದ್ದೆವು. ಒಗ್ಗದೇ ಇದ್ದದ್ದು ಇನ್ನೊಂದು.

ಅಲ್ಲಿದ್ದ ಸಿಬ್ಬಂದಿ ಇಬ್ಬರೇ, ನಾನು ಮತ್ತು ಸಹಾಯಕಿ. ಆಕೆ ಸಾಸ್ವೆಹಳ್ಳಿ ಕಡೆಯವರು, ನನಗಿಂತ ಬಹಳ ಹಿರಿಯರು, ನಿವೃತ್ತಿಯ ಹತ್ತಿರ ಬಂದಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರು ನನಗೆ ಮೊದಲ ವಾರವೇ ಹೇಳಿಕೊಟ್ಟ ಪಾಠ ಪುಸ್ತಕ ಜೋಡಿಸುವುದಲ್ಲ.

"ಬೆಳಿಗ್ಗೆ ಚಾ ಕುಡ್ದು ಬರಬ್ಯಾಡ್ರಿ ಮೇಡಂ. ರೊಟ್ಟಿ ತಿಂದು ಬರ್ರಿ, ಗಟ್ಟಿ ಇರ್ತೈತೆ. ಮಧ್ಯಾಹ್ನ ಎರಡು ಗುಟುಕು ನೀರು ಕುಡೀರಿ, ಗಂಟ್ಲು ಒದ್ದೆ ಆದ್ರೆ ಸಾಕು. ಸಂಜಿ ಮನೆಗೆ ಹೋಗಿ ಕುಡಿಯಾಕೆ ಬೇಕಾದಷ್ಟು ಟೈಮ್ ಐತೆ."

ಗಂಡಸರಿಗೆ ತೊಂದರೆ ಇರಲಿಲ್ಲ. ಕಟ್ಟಡದ ಹಿಂದೆ ಟ್ರಾನ್ಸ್‌ಫಾರ್ಮರಿನ ಪಕ್ಕ ಒಂದು ಮೋಟುಗೋಡೆ ಇತ್ತು, ಪೇಪರು ಓದಲು ಬಂದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು. ನಾವು ಕೆಲವು ತಿಂಗಳು ಹಿಂದಿನ ಬೀದಿಯ ಒಂದು ಮನೆಗೆ ಹೋಗುತ್ತಿದ್ದೆವು. ಆ ಮನೆಯಾಕೆ ಮೊದಮೊದಲು "ಬರ್ರಿ ಬರ್ರಿ, ಅದಕ್ಕೇನಂತೆ" ಎನ್ನುತ್ತಿದ್ದರು. ಆಮೇಲೆ ಬಾಗಿಲು ತೆರೆಯುವುದು ತಡವಾಗತೊಡಗಿತು. ಒಂದು ದಿನ ಕಿಟಕಿಯಿಂದಲೇ "ನೆಂಟರು ಬಂದಾರೆ" ಅಂದರು. ಅವರದೇನೂ ತಪ್ಪಿಲ್ಲ. ದಿನಾ ಪರರ ಮನೆಯ ಬಚ್ಚಲಿಗೆ ಹೋಗಿ ನಿಲ್ಲುವುದು ನಮಗೂ ಕಷ್ಟವಾಗಿತ್ತು. ಆಮೇಲೆ ಉಳಿದದ್ದು ಬಸ್ ನಿಲ್ದಾಣ. ಹೋಗಿ ಬರುವುದೆಂದರೆ ಅರ್ಧ ಗಂಟೆಯ ಕೆಲಸ. ಒಬ್ಬರು ಹೋದರೆ ಇನ್ನೊಬ್ಬರು ಹಾಲ್‌ನಲ್ಲಿ ಒಂಟಿಯಾಗಿ ಕೂರಬೇಕು. ಅದಕ್ಕಿಂತ ಹಿಡಿದುಕೊಂಡು ಕೂರುವುದೇ ಸಲೀಸು ಅನ್ನಿಸಿಬಿಟ್ಟಿತು.

ಹಾಗೆ ಒಂದು ವರ್ಷ ಕಳೆದ ಮೇಲೆ ನನಗೆ ಚಳಿಜ್ವರ ಬಂತು. ಸೊಂಟದ ಹಿಂದೆ ಯಾರೋ ಗುದ್ದಿದಂತಹ ನೋವು. ಹೊನ್ನಾಳಿಯಲ್ಲಿ ನಮ್ಮ ಮನೆಯ ಹತ್ತಿರದ ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಮೂತ್ರಪಿಂಡಕ್ಕೆ ಸೋಂಕು ಹತ್ತಿದೆ ಎಂದರು.

"ದಿನಕ್ಕೆ ನೀರು ಎಷ್ಟು ಕುಡೀತೀರಿ?"

ಹೇಳಿದೆ.

"ಕೆಲಸ ಏನು?"

"ಲೈಬ್ರರೀಲಿ ಇದೀನಿ ಮೇಡಂ."

ಆಕೆ ಪೆನ್ನು ಕೆಳಗಿಟ್ಟರು. "ಗದ್ದೇಲಿ, ಗಾರೆ ಕೆಲಸದಲ್ಲಿ ಇರೋ ಹೆಣ್ಮಕ್ಕಳು ಹಿಂಗೆ ಬರ್ತಾರೆ. ಫ್ಯಾನ್ ಕೆಳಗೆ ಕೂತು ಕೆಲಸ ಮಾಡೋರಿಗೆ ಏನ್ರೀ ಬಂತು?"

ಏನು ಬಂದಿದೆ ಎಂದು ವಿವರಿಸುವಷ್ಟು ತ್ರಾಣ ನನ್ನಲ್ಲಿರಲಿಲ್ಲ. ಮಾತ್ರೆ ತೆಗೆದುಕೊಂಡು ಬಂದೆ. ಮೇಲಧಿಕಾರಿಗಳಿಗೆ ಫೋನ್ ಮಾಡಿದಾಗ "ನೋಡೋಣ" ಎಂದರು. ಕಟ್ಟಡದ ಮಾಲೀಕರನ್ನು ಕೇಳಿದಾಗ ಅವರೂ ಅದನ್ನೇ ಅಂದರು. ನೋಡೋಣ ಎನ್ನುವವರು ಯಾರೂ ಬಂದು ನೋಡಲಿಲ್ಲ.

ಅಕ್ಕನಿಗೆ ಆ ಹೊತ್ತಿಗೆ ಸಕ್ಕರೆ ಕಾಯಿಲೆ ಶುರುವಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಬೇಸಿಗೆಯ ಮಧ್ಯಾಹ್ನ. ಹೊಸ ಪುಸ್ತಕಗಳು ಬಂದಿದ್ದವು. ಅವಕ್ಕೆ ಜಾಗ ಮಾಡಲು ಅಕ್ಕ ಕಬ್ಬಿಣದ ಸ್ಟೂಲು ಹತ್ತಿ ಮೇಲಿನ ಸಾಲು ಒರೆಸುತ್ತಿದ್ದರು. ದಡಬಡ ಇಳಿದ ಸದ್ದು ಕೇಳಿ ತಿರುಗಿದೆ. ಅವರು ಬೀರುವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು. ಸೀರೆಯ ಕೆಳಭಾಗ ಒದ್ದೆಯಾಗಿತ್ತು. ಕಾಲಬುಡದಲ್ಲಿ ನೆಲದ ಮೇಲೂ ಹರಿದಿತ್ತು.

ಪೇಪರಿನ ಟೇಬಲ್ ಸುತ್ತ ಗಂಡಸರು ಕೂತಿದ್ದರು. ಯಾರೂ ನಗಲಿಲ್ಲ. ಎಲ್ಲರ ಪೇಪರುಗಳೂ ಒಟ್ಟಿಗೇ ಮುಖದವರೆಗೆ ಏರಿದವು, ಅಷ್ಟೆ.

"ನೀರಿನ ಬಾಟ್ಲಿ ಚೆಲ್ತು ಕಣ್ರಿ," ಅಕ್ಕ ಜೋರಾಗಿ ಹೇಳಿದರು.

ನಮ್ಮಿಬ್ಬರ ಬಳಿಯೂ ಬಾಟಲಿ ಇರಲಿಲ್ಲ. "ಹೌದು, ನನ್ನ ಕೈ ತಾಗಿ ಬಿತ್ತು," ಎಂದೆ.

ಒಳಗಿನ ಕೋಣೆಗೆ ಕರೆದುಕೊಂಡು ಹೋದೆ. ಸಮಾರಂಭದ ದಿನ ಮೇಜಿಗೆ ಹಾಸುವ ಹಸಿರು ಬಟ್ಟೆ ಇತ್ತು, ಅದನ್ನು ಸುತ್ತಿಕೊಳ್ಳಲು ಕೊಟ್ಟೆ. ಓದುಗರಿಗೆಂದು ಇಟ್ಟಿದ್ದ ಕ್ಯಾನಿನ ನೀರಲ್ಲಿ ಸೀರೆ ಹಿಂಡಿ ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹರವಿದೆ. ಹೊರಗೆ ಹೋಗಿ ನೆಲ ಒರೆಸಿ ಬಂದೆ. ಅಕ್ಕ ಪುಸ್ತಕದ ಡಬ್ಬದ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ.

"ಇಷ್ಟು ವರ್ಷ ಹಿಡ್ಕಂಡಿದ್ದೆ ನೋಡ್ರಿ. ಸಕ್ಕರೆ ಬಂದ ಮ್ಯಾಲೆ ಆಗಾಕಿಲ್ಲ. ನಿಮಗೆ ಹೇಳಾಕೂ ನಾಚಿಕೆ ಆತು."

ಸೀರೆ ಒಣಗುವವರೆಗೆ ಇಬ್ಬರೂ ಅಲ್ಲೇ ಇದ್ದೆವು. ಸಂಜೆ ಬಸ್ ಹತ್ತಿಸಿ ಬಂದೆ. ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಫೋನ್ ಮಾಡಿದರೆ ಸೊಸೆ ಎತ್ತಿ, "ಅತ್ತೆ ಮಲಗ್ಯಾರೆ" ಅಂದಳು.

ಆಗ ನನಗೆ ಸಿಟ್ಟು ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಸಿಟ್ಟಿಗೂ ಶಕ್ತಿ ಬೇಕು. ದಣಿವಾಗಿತ್ತು, ಸಾಕು ಅನ್ನಿಸಿತ್ತು. ಪುಸ್ತಕ ಬಂದ ಡಬ್ಬದ ಒಂದು ರಟ್ಟು ಹರಿದು, ದಪ್ಪ ಅಕ್ಷರದಲ್ಲಿ ಬರೆದೆ: "ಗ್ರಂಥಪಾಲಕಿ ಮೂತ್ರ ವಿಸರ್ಜನೆಗೆ ಬಸ್ ನಿಲ್ದಾಣಕ್ಕೆ ಹೋಗಿದ್ದಾರೆ. ಇಲ್ಲಿ ಶೌಚಾಲಯ ಇಲ್ಲ. ಬಂದ ಮೇಲೆ ಬಾಗಿಲು ತೆರೆಯಲಾಗುವುದು." ಓದುತ್ತಿದ್ದವರನ್ನು ಎಬ್ಬಿಸಿ ಹೊರಗೆ ಕಳಿಸಿದೆ, ಬೀಗ ಹಾಕಿ ರಟ್ಟು ತೂಗುಹಾಕಿ ಹೋದೆ. ಮಧ್ಯಾಹ್ನ ಮತ್ತೊಮ್ಮೆ ಹೋದೆ.

ತಿರುಗಿ ಬಂದಾಗ ಮೆಟ್ಟಿಲ ಮೇಲೆ ನಿವೃತ್ತ ಮೇಷ್ಟ್ರು ನಿಂತಿದ್ದರು. ದಿನಾ ತಪ್ಪದೆ ಬರುವ ಹಿರಿಯರು, ಊರಿನ ಅರ್ಧ ಜನ ಅವರ ಶಿಷ್ಯರು. ಮುಖ ಕೆಂಪಾಗಿತ್ತು.

"ಏನ್ರೀ ಇದು? ಬಾಗ್ಲಿಗೆ ಬರ್ದು ಹಾಕೋ ಮಾತೇನ್ರೀ? ಕೆಲಸದ ಮ್ಯಾಲೆ ಹೋಗ್ಯಾರೆ ಅಂತ ಬರೀರಿ."

"ಅದು ಸುಳ್ಳಾಗ್ತೈತಲ್ಲ ಸಾರ್."

"ಹೆಣ್ಮಕ್ಳು ಹಿಂಗೆಲ್ಲ ಬರೀಬಾರ್ದು."

"ಹೆಣ್ಮಕ್ಳು ಎಲ್ಲಿಗೆ ಹೋಗ್ಬೇಕು ಅಂತ ನೀವೇ ಹೇಳ್ರಿ, ಅದನ್ನೇ ಬರೀತೀನಿ."

ಅವರು ಮೆಟ್ಟಿಲಿಳಿದು ಹೋದರು. ಹಿರಿಯರಿಗೆ ಹಾಗೆ ಅನ್ನಬಾರದಿತ್ತು ಅನ್ನಿಸಿತು. ಆದರೆ ಮರುದಿನವೂ ರಟ್ಟು ಹಾಕಿದೆ. ಅಷ್ಟರಲ್ಲಿ ಯಾರೋ ಅದರ ಫೋಟೋ ತೆಗೆದು ಊರಿನ ವಾಟ್ಸಾಪಿಗೆಲ್ಲ ಹಂಚಿದ್ದರು. ಕೆಲವರು ನಕ್ಕಿದ್ದರು, ಕೆಲವರು ಬೈದಿದ್ದರು. ಮೇಲಧಿಕಾರಿಯ ಫೋನ್ ಬಂತು.

"ಇಲಾಖೆ ಮಾನ ಹರಾಜು ಹಾಕ್ತಿದೀರಲ್ಲಮ್ಮ. ಮೊದಲು ಆ ಬೋರ್ಡ್ ತೆಗೀರಿ."

"ತೆಗೀತೀನಿ ಸಾರ್. ಆದ್ರೆ ಬಾಗಿಲು ಹಾಕ್ಕೊಂಡು ಹೋಗೋದು ತಪ್ಪಲ್ಲ. ಡಾಕ್ಟ್ರು ನೀರು ಕುಡೀಬೇಕು ಅಂದಿದ್ದಾರೆ."

ಅವರ ದನಿ ಇಳಿಯಿತು. "ನಿಮ್ಮ ಒಂದೇ ಶಾಖೆ ಅಲ್ಲಮ್ಮ. ಎಲ್ಲಾ ಕಡೆ ಹಿಂಗೇ ಐತೆ. ನಾನಾದ್ರೂ ಏನ್ ಮಾಡ್ಲಿ?" ಅವರೂ ನನ್ನಷ್ಟೇ ದಣಿದಿದ್ದಾರೆ ಅನ್ನಿಸಿತು. ರಟ್ಟು ತೆಗೆದೆ. ಬೀಗ ಹಾಕುವುದು ನಿಲ್ಲಿಸಲಿಲ್ಲ.

ಕೆಲವು ದಿನ ಕಳೆದ ಮೇಲೆ ಮೇಷ್ಟ್ರು ಬಂದರು. ಬೇರೆಯವರೆಲ್ಲ ಎದ್ದು ಹೋಗುವವರೆಗೆ ಪೇಪರು ಹಿಡಿದು ಕೂತಿದ್ದು, ನನ್ನ ಮೇಜಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದರು.

"ನಂದು ಪ್ರಾಸ್ಟೇಟ್ ಆಪರೇಷನ್ ಆಗೈತೆ ಕಣಮ್ಮ. ತಡಿಯಾಕಾಗಲ್ಲ. ಆ ಗೋಡೆ ಹತ್ರ ನಿಂತ್ರೆ ನನ್ನ ಹತ್ರ ಓದಿದ ಹುಡುಗ್ರೇ ಹಿಂದೆ ಬಂದು ನಿಲ್ತಾರೆ. ಅದಕ್ಕೇ ಪೇಪರ್ ಅರ್ಧಕ್ಕೆ ಬಿಟ್ಟು ಮನೆಗೆ ಓಡ್ತಿದ್ದೆ. ಯಾರ ಹತ್ರ ಹೇಳಾನ ಇದನ್ನ?"

ಕಟ್ಟಡದ ಮಾಲೀಕರು ಅವರ ಶಿಷ್ಯರಲ್ಲಿ ಒಬ್ಬರು. ಮೇಷ್ಟ್ರು ಅವರ ಮನೆಗೆ ಹೋಗಿ ಏನು ಹೇಳಿದರೋ ನನಗೆ ತಿಳಿಯದು. ಮಳೆಗಾಲ ಹಿಡಿಯುವ ಮುಂಚೆ ಗಾರೆಯವರು ಬಂದರು. ಮೆಟ್ಟಿಲಿನ ಕೆಳಗೆ, ಗೊಬ್ಬರದ ಚೀಲ ಇಡುತ್ತಿದ್ದ ಜಾಗದಲ್ಲಿ, ಒಂದು ಕಿರಿದಾದ ಶೌಚಾಲಯ ಎದ್ದಿತು. ತಲೆ ತಗ್ಗಿಸಿ ಒಳಗೆ ಹೋಗಬೇಕು. ನೀರಿಗೆ ಹೊರಗೆ ಒಂದು ನೀಲಿ ಡ್ರಮ್ಮು.

ಆ ಹೊತ್ತಿಗೆ ಅಕ್ಕ ಕೆಲಸಕ್ಕೆ ತಿರುಗಿ ಬಂದಿದ್ದರು. ಬಾಗಿಲು ತೆರೆದು, ತಲೆ ತಗ್ಗಿಸಿ ಒಳಗೆ ನೋಡಿದರು.

"ಇಷ್ಟೇನಾ?" ಅಂದರು. "ಇಷ್ಟಕ್ಕೇ ನಾನು ನನ್ನ ವಯಸ್ಸೆಲ್ಲಾ ಒಣಗಿಸ್ಕಂಡ್ನಾ?"

ಅದನ್ನು ತೊಳೆಯಲು ಯಾರನ್ನೂ ನೇಮಿಸಲಿಲ್ಲ. ನಾವಿಬ್ಬರೇ ಪಾಳಿಯಲ್ಲಿ ತೊಳೆಯುತ್ತಿದ್ದೆವು. ಬೇಸಿಗೆಯಲ್ಲಿ ನಲ್ಲಿ ಬರದ ದಿನ ಬೋರ್‌ವೆಲ್ಲಿನಿಂದ ಕೊಡ ಹೊತ್ತು ತರುತ್ತಿದ್ದೆವು. ಓದಲು ಬಂದವರು ಗಲೀಜು ಮಾಡಿ ಹೋದರೆ ಅಕ್ಕ ಗೊಣಗುತ್ತಿದ್ದರು. ಆದರೂ ಒಂದು ಬದಲಾವಣೆ ಕಣ್ಣಿಗೆ ಬಿತ್ತು. ಪರೀಕ್ಷೆಗಳಿಗೆ ಓದಲು ಬರುವ ಹೆಣ್ಣುಮಕ್ಕಳು ಮೊದಲು ಮಧ್ಯಾಹ್ನವಾದರೆ ಪುಸ್ತಕ ಮಡಚಿ ಹೊರಡುತ್ತಿದ್ದರು. ಮನೆಗೆಲಸ ಇರಬೇಕು ಎಂದುಕೊಂಡಿದ್ದೆ. ಈಗ ಅವರು ಸಂಜೆಯವರೆಗೆ ಕೂರತೊಡಗಿದರು.

ಅಕ್ಕ ನಿವೃತ್ತರಾದರು. ನನಗೆ ಸೋಂಕು ಮತ್ತೆ ಮತ್ತೆ ಮರುಕಳಿಸಿತು. ಒಂದು ಸಲ ಒಳಗಾದ ಗಾಯ ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರು. ಆಮೇಲೆ ವರ್ಗವಾಯಿತು. ಹೊಸ ಶಾಖೆಯಲ್ಲಿ ಮೊದಲ ದಿನವೇ ಹಿಂದಿನ ಬಾಗಿಲು ತೆರೆದು ನೋಡಿದೆ. ಅಲ್ಲಿ ಮುರಿದ ಕುರ್ಚಿಗಳು, ಜಾಲಿ ಗಿಡ, ಒಂದು ಗೋಡೆ. ಒಳಗೆ ಬಂದು ಕೂತು, ಇನ್ನು ಇಲ್ಲಿ ಯಾರನ್ನು ಹಿಡಿಯಬೇಕು, ಏನು ಹೇಳಬೇಕು ಎಂದು ಯೋಚಿಸತೊಡಗಿದೆ. ಯೋಚಿಸುವುದಕ್ಕೂ ಬೇಸರವಾಗಿ ಹಾಜರಿ ಹಾಕಿ ಕೆಲಸ ಶುರು ಮಾಡಿದೆ.

ಕಳೆದ ತಿಂಗಳು ಹೊನ್ನಾಳಿ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕರು. ಮೊಮ್ಮಗಳಿಗೆ ಬಟ್ಟೆ ಕೊಳ್ಳಲು ಬಂದಿದ್ದರಂತೆ. ಮೈ ಸೊರಗಿ ಹೋಗಿದ್ದರು. ಕಲ್ಲುಬೆಂಚಿನ ಮೇಲೆ ಕೂತು ಸಕ್ಕರೆಯ ಮಾತು, ಮಾತ್ರೆಯ ಮಾತು ಆಡಿದೆವು.

"ಈಗ ಆರಾಮಾಗಿ ಇದೀರಲ್ಲಕ್ಕ, ಮನೆಯಲ್ಲಿ?" ಎಂದೆ.

"ಏನ್ ಆರಾಮ್ರೀ. ಮನೆ ಬಾಗ್ಲಾಗೇ ಐತೆ ಕಕ್ಕಸು. ಆದ್ರೂ ಬೆಳಿಗ್ಗೆ ಹಿಡ್ಕಂಡು ಕುಂತಿರ್ತೀನಿ. ಸೊಸೆ ಕೇಳ್ತಾಳೆ, ಯಾಕತ್ತೆ ಹಂಗೆ ಕುಂತೀರಿ ಅಂತ. ಆಮ್ಯಾಲೆ ನೆಪ್ಪಾಗ್ತೈತೆ, ಎದ್ದು ಹೋಗ್ಬೋದು ಅಂತ."

ಸಾಸ್ವೆಹಳ್ಳಿ ಬಸ್ ಬಂತು. ಅಕ್ಕ ಮಂಡಿ ಹಿಡಿದುಕೊಂಡು ಎದ್ದರು. ನಾನು ಅವರ ಕೈಚೀಲ ಹಿಡಿದು ಹತ್ತಿಸಿದೆ.