ಹೊಳೆಯುವ ಮೀನು ಮತ್ತು ದುಬೈ ಮಾಮ

ಕಳೆದ ತಿಂಗಳು ಒಂದು ಭಾನುವಾರ, ವರ್ತಕ ನಗರದ ನಮ್ಮ ಮನೆಯ ಟಿವಿಯಲ್ಲಿ ಪ್ರಪಂಚ ಉಳಿಯಿತು. ಉಳಿಸಿದವಳು ನನ್ನ ಮಗಳು ಮುಕ್ತಾ. ಉಳಿಸಿದವಳೇ ಕೈಯಲ್ಲಿದ್ದ ಜಾಯ್‌ಸ್ಟಿಕ್ಕನ್ನು ಸೋಫಾದ ಮೇಲೆ ಎಸೆದು, ಊಟ ಬೇಡ ಎಂದು ರೂಮಿನ ಬಾಗಿಲು ಹಾಕಿಕೊಂಡಳು.

ಅಂದು ಬಿಸಿಬೇಳೆಬಾತ್ ಮಾಡಿದ್ದೆ. ಪ್ರಪಂಚದ ಜೊತೆಗೆ ಅದೂ ಉಳಿಯಿತು.

ಇದೊಂದು ವಿಡಿಯೋ ಗೇಮ್. ಒಟ್ಟು ಮೂರು ಭಾಗ. ಮೊದಲನೆಯದು ಬಂದಾಗ ಮುಕ್ತಾ ಶಾಲೆಯಲ್ಲಿದ್ದಳು, ಈಗ ಎಂಜಿನಿಯರಿಂಗ್ ಓದುತ್ತಿದ್ದಾಳೆ. ನಾನು ಗೇಮ್ ಆಡುವವಳಲ್ಲ. ಆದರೆ ಸೊಪ್ಪು ಬಿಡಿಸುವುದು, ಬಟ್ಟೆ ಮಡಚುವುದು ಎಲ್ಲವೂ ಆ ಟಿವಿಯ ಮುಂದೆಯೇ ನಡೆಯುವುದರಿಂದ ಕಥೆ ನನಗೂ ಬಾಯಿಪಾಠ. ಸಮುದ್ರ ಉಕ್ಕಿ ದ್ವೀಪಗಳನ್ನು ಒಂದೊಂದಾಗಿ ನುಂಗುತ್ತಿದೆ. ಒಬ್ಬ ಹುಡುಗಿ ಹಡಗಿನ ಕ್ಯಾಪ್ಟನ್. ಅವಳ ಜೊತೆ ಒಬ್ಬ ಅಡುಗೆಯವ, ಒಬ್ಬ ಕಳ್ಳಿ, ಎಂಜಿನ್ ರಿಪೇರಿ ಮಾಡುವ ಒಬ್ಬ ಮುದುಕ. (ಮುದುಕ ಎರಡನೇ ಭಾಗದಲ್ಲಿ ಸತ್ತುಹೋದ. ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ.)

ಇಷ್ಟೆಲ್ಲ ಆದಮೇಲೆ ಮೂರನೇ ಭಾಗದ ಕೊನೆಯಲ್ಲಿ ಏನಾಯಿತು? ನೀರಿನಿಂದ ಒಂದು ಹೊಳೆಯುವ ಮೀನು ಎದ್ದು ಬಂತು. ಈ ಸಮುದ್ರ ಮಾಡಿದ್ದೇ ನಾನು ಎಂದಿತು. ಈ ಬಟನ್ ಒತ್ತು, ನೀರು ಇಳಿಯುತ್ತದೆ ಎಂದಿತು. ಒತ್ತಿದಳು. ಇಳಿಯಿತು. ಮುಗಿಯಿತು.

"ಯೇ ಫಿಶ್ ಆಯಾ ಕಹಾಂ ಸೆ?" ಎಂದು ಬಾಗಿಲಾಚೆಯಿಂದ ಮುಕ್ತಾ ತನ್ನ ಅರ್ಧ ಹಿಂದಿಯಲ್ಲಿ ಕೇಳುತ್ತಿದ್ದಳು, ಮೀನು ಬಂದದ್ದೆಲ್ಲಿಂದ ಎಂದು. "ಮೂರು ಗೇಮಲ್ಲಿ ಏಕ್ ಬಾರ್ ಭೀ ಕಾಣಿಸಿಲ್ಲ. ಆ ಮುದುಕ ಯಾಕೆ ಸತ್ತ ಹಾಗಾದ್ರೆ? ಫಾಲತೂ ಮೆ, ಸುಮ್ಮನೇ?"

ಒಂದು ಮೀನಿಗಾಗಿ ಊಟ ಬಿಡುವುದೇ? ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಬಿಡೇ, ಹಸಿವಾದರೆ ಬರ್ತಾಳೆ" ಎಂದರು. ನಾನೇ ಬಾಗಿಲ ಬಳಿ ನಿಂತು ಸಮಾಧಾನ ಹೇಳಿದೆ. "ಅಲ್ವೇ, ನಮ್ಮ ಪೌರಾಣಿಕ ನಾಟಕದಲ್ಲೂ ಕೊನೆಗೆ ದೇವರು ಬಂದು ಎಲ್ಲ ಸರಿ ಮಾಡಲ್ವಾ? ನಾವು ಕೈ ಮುಗಿದು ಎದ್ದು ಬರಲ್ವಾ?"

"ದೇವರನ್ನ ಸ್ಟಾರ್ಟಿಂಗಲ್ಲೇ ಪೂಜೆ ಮಾಡಿ ಕರೀತಾರೆ ಅಮ್ಮಾ. ಈ ಮೀನನ್ನ ಯಾರು ಕರೆದ್ರು?"

ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಸುಮ್ಮನಿರದೆ, "ಸರಿ, ಬಂದು ಉಣ್ಣು, ಆಮೇಲೆ ರಿಹರ್ಸಲ್‌ಗೆ ಹೋಗಬೇಕು" ಎಂದುಬಿಟ್ಟೆ.

ಬಾಗಿಲು ತೆರೆಯಿತು. "ಅಮ್ಮಾ, ನಿನ್ನ ದುಬೈ ಮಾಮಾನೂ ಮೀನೇ ಅಲ್ವಾ?"

ಈಗ ನಿಮಗೆ ದುಬೈ ಮಾಮನ ವಿಷಯ ಹೇಳಬೇಕು. ಇಲ್ಲಿಯ ನಮ್ಮ ಹೊರನಾಡ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನಾಟಕ ಬರೆಯುವವಳು ನಾನು. ಈ ಸಲದ್ದು ಇಲ್ಲೇ ಹತ್ತಿರದ ಡೊಂಬಿವಲಿಯ ಒಂದು ಬಿಲ್ಡಿಂಗಿನ ಕಥೆ. ಯಾರ ನಲ್ಲಿಯಲ್ಲೂ ಸರಿಯಾಗಿ ನೀರಿಲ್ಲ. ಅಕ್ಕಪಕ್ಕದವರಿಗೆ ಮಾತುಕತೆಯಿಲ್ಲ. ಮುಕ್ತಾಳೇ ನಾಯಕಿ. ಕೊನೆಯ ದೃಶ್ಯದಲ್ಲಿ ದುಬೈಯಿಂದ ಮಾಮ ಸೂಟ್‌ಕೇಸ್ ಹಿಡಿದು ಬಂದು ಹೊಸ ಟ್ಯಾಂಕ್ ಕಟ್ಟಿಸಿಕೊಡುತ್ತಾನೆ. ಎಲ್ಲರೂ ಕುಣಿಯುತ್ತಾರೆ. ಪರದೆ.

ಮಾಮ ಯಾಕೆ ಬಂದ ಎಂದರೆ, ನಮ್ಮ ಸಂಘದ ನಾಟಕದಲ್ಲಿ ಅಧ್ಯಕ್ಷರಿಗೊಂದು ಪಾತ್ರ ಇರಲೇಬೇಕು. ಅಧ್ಯಕ್ಷರು ವಿಠಲಣ್ಣ. ಮಂಗಳೂರು ಕಡೆಯವರು, ಕಳಂಬೋಲಿಯಲ್ಲಿ ಕಬ್ಬಿಣದ ವ್ಯಾಪಾರ. ಹಾಲ್ ಬುಕ್ ಮಾಡುವವರೂ ಅವರೇ, ಊಟ ಹಾಕಿಸುವವರೂ ಅವರೇ. ಆದರೆ ಅವರಿಗೆ ಮಾತು ನೆನಪಿರುವುದಿಲ್ಲ. ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಅರ್ಧ ನಾಟಕ ಮುಗಿದಿರುತ್ತದೆ. ಹಾಗಾಗಿ ಕೊನೆಯ ದೃಶ್ಯ, ಒಂದೇ ಮಾತು. ಒಂದು ವರ್ಷ ಪೊಲೀಸ್ ಇನ್‌ಸ್ಪೆಕ್ಟರ್ ಆದರು. ಇನ್ನೊಂದು ವರ್ಷ ಕಳೆದುಹೋಗಿದ್ದ ಅಣ್ಣ. ಪೌರಾಣಿಕ ಆಡಿದ ವರ್ಷ ಸಾಕ್ಷಾತ್ ವಿಷ್ಣು. ಮೂವರೂ ಬಂದು ಹೇಳಿದ್ದು ಒಂದೇ: "ಇನ್ನು ಚಿಂತೆ ಬೇಡ, ನಾನು ಬಂದೆ."

ಇದನ್ನೆಲ್ಲ ಮಗಳಿಗೆ ವಿವರಿಸಿದೆ. ಆ ಗೇಮ್ ಕಂಪನಿಯಲ್ಲೂ ಯಾರೋ ಒಬ್ಬ ಅಧ್ಯಕ್ಷ ಇದ್ದಿರಬೇಕು ಕಣೇ, ಅವನಿಗೂ ಒಂದು ಪಾತ್ರ ಕೊಡಬೇಕಾಗಿ ಬಂದಿರಬೇಕು ಎಂದೆ. ಅವಳು ನಗಲಿಲ್ಲ.

"ಫಸ್ಟ್ ಸೀನಲ್ಲಿ ಎಲ್ಲರ ಮನೇಲೂ ಕದ್ದು ನೀರೆಳೆಯೋ ಮೋಟರ್ ಇದೆ ಅಂತ ನೀನೇ ಬರೆದಿದ್ದೀಯ. ನನ್ನ ಮನೇಲೂ ಇದೆ. ಉಸ್ ಮೋಟರ್ ಕಾ ಕ್ಯಾ ಹುವಾ?"

ನಿಜ ಹೇಳಲೇ? ಮೋಟರನ್ನು ನಾನು ಮರೆತೇಬಿಟ್ಟಿದ್ದೆ. ಸೂಟ್‌ಕೇಸ್ ಮಾಮ ಹೇಗೂ ಬರುತ್ತಾನಲ್ಲ, ಇನ್ನು ಮೋಟರಿನ ಯೋಚನೆ ಯಾರಿಗೆ?

"ಎಂಡಿಂಗ್ ಚೇಂಜ್ ಮಾಡು. ಇಲ್ಲಾಂದ್ರೆ ನಾನು ಮಾಡಲ್ಲ" ಎಂದಳು.

ನಾಟಕ ಮುಂದಿನ ಶನಿವಾರ. ಅಷ್ಟರಲ್ಲಿ ಬೇರೆ ನಾಯಕಿಯನ್ನು ಎಲ್ಲಿಂದ ತರಲಿ? ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಕನ್ನಡ ಅರ್ಥ ಮಾಡಿಕೊಳ್ಳುತ್ತಾರೆ, ಉತ್ತರ ಮಾತ್ರ ಹಿಂದಿಯಲ್ಲಿ. ಎರಡು ಗಂಟೆ ಕನ್ನಡದಲ್ಲೇ ಮಾತಾಡುವಂತೆ ಇವಳನ್ನು ತಯಾರು ಮಾಡುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು. ಅತ್ತ ವಿಠಲಣ್ಣ ಮಾಮನ ಪಾತ್ರಕ್ಕೆಂದು ಹೊಸ ಸಫಾರಿ ಸೂಟ್ ಹೊಲಿಸಿಯಾಗಿತ್ತು. ಇವಳನ್ನು ಬಿಟ್ಟರೆ ನಾಟಕವಿಲ್ಲ, ಅವರನ್ನು ಬಿಟ್ಟರೆ ಹಾಲೂ ಇಲ್ಲ, ಊಟವೂ ಇಲ್ಲ.

ಕುಕ್ಕರ್ ಕೂಗುವುದನ್ನು ಕೇಳುತ್ತ ಹೊಸ ಕೊನೆ ಬರೆದೆ. ನಾಯಕಿ ಮೊದಲು ತನ್ನ ಮನೆಯ ಮೋಟರನ್ನೇ ಕಿತ್ತು ತಂದು ಮೆಟ್ಟಿಲ ಮೇಲೆ ಎಲ್ಲರಿಗೂ ಕಾಣುವಂತೆ ಇಡುತ್ತಾಳೆ. ಅವಳ ತಾಯಿ ಬೈಯುತ್ತಾಳೆ. ಎದುರು ಮನೆಯವಳು ನಾಚಿಕೊಂಡು ತನ್ನದನ್ನೂ ತರುತ್ತಾಳೆ. ಒಬ್ಬೊಬ್ಬರಾಗಿ ಎಲ್ಲರೂ ತಂದಮೇಲೆ ಒಬ್ಬರ ನೀರನ್ನು ಇನ್ನೊಬ್ಬರು ಎಳೆಯುವುದು ನಿಂತು, ನೀರು ತಾನಾಗಿ ಮೇಲಿನ ಮಹಡಿಗೂ ಏರುತ್ತದೆ. ಬರೆದು ಓದಿದಾಗ ನನಗೇ ಖುಷಿಯಾಯಿತು. ಆದರೆ ಮಾಮನಿಗೆ ಈಗ ಕೆಲಸವೇ ಇಲ್ಲವಲ್ಲ?

ಕಳಂಬೋಲಿಗೆ ಫೋನ್ ಮಾಡಿದೆ. ಹಿಂದೆ ಲಾರಿಗೆ ಸರಳು ತುಂಬುವ ಸದ್ದು.

"ವಿಠಲಣ್ಣಾ, ಕೊನೇ ಸೀನು ಸ್ವಲ್ಪ ಬದಲಾಗಿದೆ."

"ನನ್ನ ಡೈಲಾಗ್ ಅದೇ ಉಂಟಲ್ಲ?"

"ಅದೇ ಇದೆ."

"ಮತ್ತೆ ಎಂತ ಮಾರಾಯ್ರೆ. ನೀವು ಟೆನ್ಶನ್ ಮಾಡ್ಬೇಡಿ."

ಅವರು ಟೆನ್ಶನ್ ಮಾಡಿಕೊಳ್ಳದ್ದೇ ನನಗೆ ಟೆನ್ಶನ್.

ಶನಿವಾರ ಹಾಲ್ ತುಂಬಿತ್ತು. (ಊಟದ ಘಮ ಹೊರಗಿನ ರಸ್ತೆಯವರೆಗೂ ಇತ್ತು, ಎಲ್ಲ ಶ್ರೇಯಸ್ಸು ನನಗೇ ಬೇಡ.) ಮುಕ್ತಾ ಮೋಟರ್ ತಂದಿಟ್ಟಾಗ ಸಭೆಯಲ್ಲಿ ಹಲವರು ತಲೆ ತಗ್ಗಿಸಿದ್ದನ್ನು ಸೈಡ್ ವಿಂಗಿನಿಂದ ನಾನೇ ಕಂಡೆ. ನಲ್ಲಿಯಲ್ಲಿ ನೀರು ಬಂತು. ಚಪ್ಪಾಳೆಯೂ ಬಂತು. ಆಗ ಸರಿಯಾಗಿ, ಹೊಸ ಸಫಾರಿಯಲ್ಲಿ, ವಿಠಲಣ್ಣ ಬಂದರು.

"ಇನ್ನು ಚಿಂತೆ ಬೇಡ, ನಾನು ಬಂದೆ."

ಮುಕ್ತಾ ನಾನು ಬರೆದುಕೊಟ್ಟದ್ದನ್ನೇ ಹೇಳಿದಳು. "ಬನ್ನಿ ಮಾಮಾ. ನೀರು ಆಗಲೇ ಬಂತು. ಕೂತ್ಕೊಳ್ಳಿ, ಚಹಾ ಮಾಡ್ತೀನಿ."

ಇಡೀ ಹಾಲ್ ನಕ್ಕಿತು. ವಿಠಲಣ್ಣ ನಿಂತೇ ಇದ್ದರು. ಕೈಯಲ್ಲಿ ಸೂಟ್‌ಕೇಸ್. ಅವರ ಬಳಿ ಇದ್ದ ಒಂದೇ ಒಂದು ಮಾತು ಖರ್ಚಾಗಿತ್ತು. ಸಿಟ್ಟು ಮಾಡಿಕೊಂಡು ಹಾಗೇ ಹೊರಟರೆ? ಮುಂದಿನ ವರ್ಷ ನಾಟಕ ಇರುತ್ತದೆಯೇ? ಪರದೆ ಎಳೆಯುವವನಿಗೆ ಸನ್ನೆ ಮಾಡಲು ಕೈ ಎತ್ತಿದೆ.

ಅವರು ನಿಧಾನವಾಗಿ ಸೂಟ್‌ಕೇಸನ್ನು ಕೆಳಗಿಟ್ಟರು. ಅದರ ಮೇಲೆಯೇ ಕೂತರು.

"ಸಕ್ಕರೆ ಕಮ್ಮಿ ಹಾಕು ಮಗಾ," ಎಂದರು, "ನನಗೆ ಶುಗರ್ ಉಂಟು."

ಅದು ನಾನು ಬರೆದ ಮಾತಲ್ಲ. ಶಿಳ್ಳೆಗಳು ನಿಲ್ಲಲು ಸುಮಾರು ಹೊತ್ತು ಬೇಕಾಯಿತು. ಪರದೆ ಬಿದ್ದಮೇಲೂ ಅವರು ಎದ್ದಿರಲಿಲ್ಲ. "ಇಷ್ಟು ವರ್ಷ ಊರಿನವರನ್ನೆಲ್ಲ ಕಾಪಾಡಿದೆ ಮಾರಾಯ್ತಿ, ಒಬ್ಬನೂ ಶಿಳ್ಳೆ ಹೊಡೀಲಿಲ್ಲ" ಎಂದು ಮುಕ್ತಾಳಿಗೆ ಹೇಳುತ್ತಿದ್ದರು. "ಇನ್ನು ಮೇಲೆ ನನಗೆ ಇಂಥದ್ದೇ ಪಾರ್ಟ್ ಕೊಡಿಸು."

ಮುಕ್ತಾ ಮರುದಿನ ಆ ಗೇಮಿನ ಮೊದಲ ಭಾಗವನ್ನು ಮತ್ತೆ ಹಾಕಿ ಕೂತಳು. ಇದೇ ಗೇಮಿನ ಮೀನಿಗಾಗಿ ಊಟ ಬಿಟ್ಟವಳು ನೀನೇ ಅಲ್ಲವೇ ಎಂದು ಕೇಳಿದೆ. "ಮುದುಕ ಇರೋವರೆಗೂ ಆಡ್ತೀನಿ" ಎಂದಳು. ನನಗೂ ಅಡ್ಡಿಯಿಲ್ಲ, ಬಿಡಿಸಲು ಸೊಪ್ಪಂತೂ ಇದ್ದೇ ಇದೆ.

ಕೆಲಸವೆಲ್ಲ ಮುಗಿದಮೇಲೆ ‘ಇನ್ನು ಚಿಂತೆ ಬೇಡ’ ಎಂದು ಬಂದು ನಿಲ್ಲುವವರು ನಿಮ್ಮ ಬಿಲ್ಡಿಂಗಿನಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಚಹಾಕ್ಕಿಂತ ದೊಡ್ಡ ಪಾತ್ರ ಯಾಕೆ ಕೊಡುತ್ತೀರಿ?