ಬಿಹಾರದ ಮಗಳಿಗೆ ಹುಮನಾಬಾದಿನ ತವರು

ಇನ್ನೂ ಬೆಳಕು ಹರಿದಿಲ್ಲ, ಆಗಲೇ ಕೇಶರಬಾಯಿ ಕೆಂಡ ಊದುತ್ತಿದ್ದಾರೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಹಿಂದಿನ ಓಣಿಯಲ್ಲಿ ಎರಡು ತಗಡಿನ ಕೋಣೆಗಳ ನೆರವು ಕೇಂದ್ರ ಇವರದು. ಒಳಗೆ ಹೆಂಗಸರ ಗದ್ದಲವೋ ಗದ್ದಲ. ಇವತ್ತು ಬಿಹಾರದ ತುಂಬು ಬಸುರಿ ಸುನೈನಾಳ ಕುಬಸ, ಅಂದರೆ ಸೀಮಂತ! ಕೇಂದ್ರದ ಬಗ್ಗೆ ಬರೆಯಲು ಬಂದ ನನಗೂ ಆ ಸಡಗರ ಅಂಟಿದೆ. ಪೆನ್ನು ಬದಿಗಿಟ್ಟು ಬದನೆಕಾಯಿ ಸುಡುತ್ತ ಕೂತಿದ್ದೇನೆ.

ಬಿಹಾರ, ಒಡಿಶಾ, ಜಾರ್ಖಂಡ್‌ಗಳಿಂದ ಇಲ್ಲಿನ ಕಾರ್ಖಾನೆಗಳಿಗೆ ಬಂದವರಿಗೆ ಈ ಕೇಂದ್ರವೇ ದಿಕ್ಕು. ಬಾಡಿಗೆ ಮನೆ, ಮಕ್ಕಳ ಶಾಲೆ, ಜ್ವರ, ಜಗಳ ಅಂತ ದಿನವೂ ಮೂವತ್ತು ನಲವತ್ತು ಮಂದಿ ಬರುತ್ತಾರೆ. ಹತ್ತಿರದ ಕೊಡಂಬಲ ಊರಿನ ಮಗಳಾದ ಕೇಶರಬಾಯಿ ಮೊದಲು ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಿದ್ದರು. ಜೊತೆಗಿದ್ದ ಒಡಿಶಾದ ಹುಡುಗಿ ಹೆರಿಗೆಗೆಂದು ತವರಿಗೆ ಹೊರಟು ರೈಲಿನಲ್ಲೇ ಹೆತ್ತಳು. ಕೂಸು ಉಳಿಯಲಿಲ್ಲ.

"ಇಲ್ಲೇ ದವಾಖಾನಿ ಅದ, ಇರು ಅಂದಿದ್ದೆ. ಇಲ್ಲಿ ನನ್ನವರು ಯಾರದಾರ ಅಂದ್ಲು. ಆ ಮಾತು ಎದಿಯಾಗ ನಟ್ಟು ಕುಂತದ್ರಿ."

ಅದಕ್ಕೇ ಈ ಕೇಂದ್ರ, ಅದಕ್ಕೇ ಈ ಕುಬಸ. ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವುದು ತವರಿನವರು. ಮುಂದೆ ಬಾಣಂತನವೂ ಅವರದೇ. ಮೊದಮೊದಲು ಕೇಶರಬಾಯಿ ಎಲ್ಲರಿಗೂ ಹೋಳಿಗೆ ಬಡಿಸಿ ಪೆಚ್ಚಾದರು. "ಯಾರ ಬಾಯಿಗೂ ಹತ್ತಲಿಲ್ರಿ. ಬಯಕಿ ಕೇಳಲಾರದಾಕಿ ಎಂಥಾ ಅವ್ವ? ಈಗ, ನಿಮ್ಮವ್ವ ಏನ್ ಮಾಡತಿದ್ಲು ಅಂತ ಕೇಳೇ ಒಲಿ ಹಚ್ಚತೀನಿ." ಸುನೈನಾ ಬಯಸಿದ್ದು ಲಿಟ್ಟಿ, ಅಂದರೆ ಹುರಿದ ಕಡಲೆ ಹಿಟ್ಟು ತುಂಬಿ ಕೆಂಡದಲ್ಲಿ ಸುಟ್ಟ ಗೋಧಿ ಉಂಡೆ, ಜೊತೆಗೆ ಸುಟ್ಟ ಬದನೆಕಾಯಿಯ ಗೊಜ್ಜು.

ಸುನೈನಾಳಿಗೆ ರಕ್ತ ಕಡಿಮೆ. ದೂರದ ಪ್ರಯಾಣ ಬೇಡವೇ ಬೇಡ ಎಂದು ನರ್ಸ್ ಮೀನಾ ಹೇಳಿದ್ದಾರೆ. ಆದರೂ ಗಂಡ ನಾಳೆಯ ರೈಲಿಗೆ ಟಿಕೆಟ್ ಮಾಡಿಸಿದ್ದಾನೆ. ಇಲ್ಲಿ ಬಾಣಂತನಕ್ಕೆ ಯಾರಿದ್ದಾರೆಂಬುದೇ ಅವನ ಚಿಂತೆ.

ಪಕ್ಕದ ಮನೆಯ ಬಳೆಗಾರ್ತಿ ಶಹಜಾದಿ ಹಾಡು ಗುನುಗುತ್ತ ಸುನೈನಾಳಿಗೆ ಕೈತುಂಬ ಹಸಿರು ಬಳೆ ತೊಡಿಸುತ್ತಾರೆ. ಉಡಿ ತುಂಬಿದ ಕೇಶರಬಾಯಿ ಬಾಗಿಲಲ್ಲಿ ನಿಂತ ಅವಳ ಗಂಡನನ್ನು ದಖನಿ ಉರ್ದುವಿನಲ್ಲಿ ಗದರುತ್ತಾರೆ: ಉಡಿ ತುಂಬಿದವಳು ನಾನು, ಬಾಣಂತನವೂ ನನ್ನದೇ, ಮಗಳನ್ನು ಕಳಿಸುವುದಿಲ್ಲ!

ಅವನು ಹೆಂಡತಿಯ ಮುಖ ನೋಡುತ್ತಾನೆ. ಸುನೈನಾ ಕೇಶರಬಾಯಿಯ ಸೆರಗು ಹಿಡಿದುಕೊಂಡು ಬಿಟ್ಟಿಲ್ಲ. ಅವನು ಮೊಬೈಲ್ ತೆಗೆದು ಟಿಕೆಟ್ ರದ್ದು ಮಾಡುತ್ತಾನೆ. ಹೆಂಗಸರು ಹೋ ಎಂದು ಕೂಗುತ್ತಾರೆ, ನಾನೂ ಕೂಗಿಬಿಡುತ್ತೇನೆ.

ನಿಮ್ಮ ಆಸೆಯೇನು ಎಂದು ಕೇಳಲು ಹೋದರೆ ಕೇಶರಬಾಯಿಗೆ ಪುರಸೊತ್ತೆಲ್ಲಿ!

"ಬಾಣಂತಿಗಿ ಅಂಟಿನುಂಡಿ ಕಟ್ಟಾಕ ಕೊಬ್ಬರಿ ತುರಿಬೇಕು, ತೊಟ್ಟಿಲ ಹುಡುಕಬೇಕು. ಮಗಳು ಹಡಿಯಾಕ ತವರಿಗೆ ಬಂದಾಳ್ರಿ, ನೀವು ನಾಳಿಗಿ ಬರ್ರಿ."